ಅಳಿಯದೆ ಉಳಿದ ಚೀಟಿ

ಫಿಲೋಮಿನಾ ಮೇಡಂ ಕೊಟ್ಟ ಪ್ರಶ್ನಾವಳಿಯನ್ನು ನಾವು ತರಗತಿಯ ಮೂವತ್ತೆಂಟು ಜನ ಬುಧವಾರ ಮಧ್ಯಾಹ್ನ ತುಂಬಿಸಿ ಕೊಟ್ಟೆವು. ಗುರುವಾರ ಬೆಳಿಗ್ಗೆ ಅವರು ಕಟ್ಟು ಬಿಚ್ಚಿ ನೋಡಿದರೆ ಮೂವತ್ತೇಳು ಹಾಳೆಗಳಲ್ಲಿ ಒಂದು ಗುರುತೂ ಉಳಿದಿರಲಿಲ್ಲ. ಅಚ್ಚಾದ ಪ್ರಶ್ನೆಗಳು ಇದ್ದ ಹಾಗೇ ಇದ್ದವು. ಓದಿಗೆ ಎಐ ಸಹಾಯಕದಿಂದ ಉಪಯೋಗವಾಗುತ್ತದೆ ಎಂದು ನಿಮಗೆ ಅನ್ನಿಸುತ್ತದೆಯೇ, ಅದರ ಉತ್ತರವನ್ನು ನಂಬುತ್ತೀರಾ, ಅದರಿಂದ ನಿಮ್ಮ ಯೋಚನಾಶಕ್ತಿ ಮಂಕಾಗುವ ಭಯವಿದೆಯೇ, ಹೀಗೆ ಇಪ್ಪತ್ತೆರಡು ಪ್ರಶ್ನೆ, ಪ್ರತಿಯೊಂದರ ಮುಂದೆ ಐದೈದು ಚೌಕ. ಊಟದ ಗಂಟೆ ಹೊಡೆಯುವ ಹೊತ್ತಾಗಿದ್ದರಿಂದ ನಾವು ಕೈಗೆ ಬಂದ ಚೌಕಕ್ಕೆ ಟಿಕ್ ಹಾಕಿ ಎದ್ದಿದ್ದೆವು. ಚೌಕಗಳೆಲ್ಲ ಖಾಲಿಯಾಗಿದ್ದವು. ಮುಬೀನಾಳ ಹಾಳೆಯೊಂದರಲ್ಲಿ ಮಾತ್ರ ಇಪ್ಪತ್ತೆರಡೂ ಟಿಕ್ ನೀಲಿಯಾಗಿ ಎದ್ದು ಕಾಣುತ್ತಿದ್ದವು. ಎಲ್ಲದರ ಅರ್ಥವೂ ಒಂದೇ ಕಡೆ ವಾಲಿತ್ತು: ಒಪ್ಪುವುದಿಲ್ಲ, ನಂಬುವುದಿಲ್ಲ, ಬಳಸುವುದಿಲ್ಲ.

ನಮ್ಮ ಊರಿನಲ್ಲಿ ಇದು ಹೊಸದಲ್ಲ. ತನಗೆ ತಿಳಿಯದ್ದನ್ನು, ಮನಸ್ಸಿಲ್ಲದೆ ಗೀಚಿದ್ದನ್ನು, ಯಾರು ಕೈಯಲ್ಲಿ ಬರೆದರೂ ಬೆಳಗಾಗುವುದರೊಳಗೆ ಅದು ಹಾಳೆಯ ಮೇಲಿರುವುದಿಲ್ಲ. ಅಚ್ಚಾದದ್ದಕ್ಕೆ ಈ ತೊಂದರೆಯಿಲ್ಲ. ಆದ್ದರಿಂದಲೇ ಅಚ್ಚಾದದ್ದನ್ನು ನಮ್ಮವರು ಅಷ್ಟಾಗಿ ನಂಬುವುದಿಲ್ಲ. ಅರ್ಜಿ ಬರೆಯುವವನು ಬರೆದ ಅರ್ಜಿಯನ್ನು ಒಂದು ರಾತ್ರಿ ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡು ಮರುದಿನವೇ ಕೊಡುತ್ತಾನೆ. ಗಂಡಿನ ಕಡೆಯವರು ಬರೆದು ಕಳಿಸಿದ ಮಾತುಗಳನ್ನು ಹೆಣ್ಣಿನ ಕಡೆಯವರು ಬೆಳಿಗ್ಗೆ ಎದ್ದು ಮತ್ತೊಮ್ಮೆ ನೋಡಿಯೇ ವೀಳ್ಯದ ಮಾತಾಡುತ್ತಾರೆ. ಡಾಕ್ಟರರ ಚೀಟಿಯನ್ನೂ ಅಷ್ಟೇ. "ಅಕ್ಷರ ನಿಂತಾವ" ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣವಿಲ್ಲ. ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಅಸೈನ್‌ಮೆಂಟುಗಳನ್ನು ಕೈಯಲ್ಲೇ ಬರೆಯಬೇಕು ಎಂಬ ನಿಯಮ ಇರುವುದೂ ಅದಕ್ಕೇ.

ಎಐ ನಮ್ಮ ಫೋನುಗಳಿಗೆ ಬಂದ ಮೊದಲ ವರ್ಷ ಎಲ್ಲರೂ ಅದು ಹೇಳಿದ್ದನ್ನು ನೋಡಿಕೊಂಡು ಬರೆದರು. ಬೆಳಿಗ್ಗೆ ಕಾಲೇಜಿಗೆ ಬಂದರೆ ಬಿಳಿ ಹಾಳೆ. ಹಿಂದೆ ಗೈಡು ನೋಡಿ ಬರೆದವರಿಗೂ ಇದೇ ಗತಿಯಾಗುತ್ತಿತ್ತು, ಆದರೆ ಗೈಡಿನದು ಎರಡು ಪುಟ ಹೋಗುತ್ತಿತ್ತು, ಇದರದು ಇಪ್ಪತ್ತು ಪುಟ ಹೋಗತೊಡಗಿತು. ಕೆಲವರು ಸಿಟ್ಟಿನಿಂದ ಅದನ್ನು ಬಿಟ್ಟರು. ಕೆಲವರು ಸಾಲಿಗೊಂದು ಪದ ನಿಂತರೂ ಸಾಕೆಂದು ಹಾಗೆಯೇ ಬರೆದು ಕೊಟ್ಟು ಅರ್ಧ ಅಂಕ ತೆಗೆದುಕೊಂಡರು. ಮುಬೀನಾ ಮೊದಲಿನಿಂದಲೂ ಮುಟ್ಟಲಿಲ್ಲ. ಹಾಸ್ಟೆಲಿನಲ್ಲಿ ನಾನೂ ಅವಳೂ ಒಂದೇ ಕೋಣೆಯವರು. ತನಗೆ ಏನು ಗೊತ್ತಿಲ್ಲ ಎಂಬುದು ತನಗೆ ಗೊತ್ತಿರಬೇಕು, ಅದು ಹೇಳಿಕೊಟ್ಟರೆ ಆ ಗಡಿಯೇ ತಪ್ಪಿಹೋಗುತ್ತದೆ ಎನ್ನುತ್ತಿದ್ದಳು. ಅವಳ ದಪ್ಪ ಪುಸ್ತಕದ ಅಂಚುಗಳಲ್ಲಿ ಪ್ರಶ್ನೆ ಚಿಹ್ನೆಗಳೇ ತುಂಬಿದ್ದವು.

ನನ್ನ ಸಂಗತಿ ಬೇರೆಯಾಗಿತ್ತು. ನಾನು ಹನ್ನೆರಡನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಅವ್ವ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಮನೆಯಲ್ಲಿ ಇಂಗ್ಲಿಷು ಹೇಳಿಕೊಡುವವರಿರಲಿಲ್ಲ. ಮೊದಲ ವರ್ಷ ಶರೀರರಚನೆಯ ಪಾಠ ಬರೆದುಕೊಂಡದ್ದೆಲ್ಲ ಬೆಳಿಗ್ಗೆ ಮಾಯವಾಗುತ್ತಿತ್ತು. ನಾಲ್ಕು ತಿಂಗಳು ನನ್ನ ನೋಟ್‌ಬುಕ್ಕಿನಲ್ಲಿ ದಿನಾಂಕ ಮತ್ತು ನನ್ನ ಹೆಸರು, ದಾನೇಶ್ವರಿ, ಅಷ್ಟೇ ಉಳಿದಿದ್ದವು. ಕಾಲೇಜು ಬಿಡುತ್ತೇನೆಂದು ಅವ್ವನಿಗೆ ಹೇಳಿಯೂ ಆಗಿತ್ತು. ಆಮೇಲೊಂದು ಭಾನುವಾರ ಎಐಯನ್ನು ಕನ್ನಡದಲ್ಲಿ ಕೇಳಿದೆ: ಹೃದಯಕ್ಕೆ ನಾಲ್ಕು ಕೋಣೆ ಯಾಕೆ ಬೇಕು, ಎರಡಿದ್ದರೆ ಆಗುವುದಿಲ್ಲವೇ? ಅದು ಹೇಳಿತು. ಅರ್ಥವಾಗಲಿಲ್ಲ ಎಂದೆ. ಬೇರೆ ರೀತಿ ಹೇಳಿತು. ಏಳನೆಯ ಸಲ ಅರ್ಥವಾಯಿತು. ಬರೆದೆ. ಮರುದಿನ ಎದ್ದಾಗ ಒಂದೂವರೆ ಪುಟ ಅಕ್ಷರ ನಿಂತಿದ್ದವು. ನಾನು ಆ ಪುಟವನ್ನು ಬೆರಳಿನಿಂದ ಸವರಿ ನೋಡಿದೆ. ಅಂದಿನಿಂದ ನಾನು ಅದರ ಕಡೆಯವಳು.

ಪ್ರಶ್ನಾವಳಿ ಖಾಲಿಯಾದ ಮೇಲೆ ಫಿಲೋಮಿನಾ ಮೇಡಂ ಒಬ್ಬೊಬ್ಬರನ್ನೇ ತಮ್ಮ ಕೋಣೆಗೆ ಕರೆದು ಬಾಯಿಮಾತಿನಲ್ಲಿ ಕೇಳಿದರು. ಅವರು ನಮಗೆ ವೈದ್ಯಕೀಯ–ಶಸ್ತ್ರಚಿಕಿತ್ಸಾ ಶುಶ್ರೂಷೆ ಕಲಿಸುವವರು. ಇಪ್ಪತ್ತೊಂದು ವರ್ಷದ ನೌಕರಿ, ಬಾಚಿ ಬಿಗಿದ ಜಡೆ, ವಾರ್ಡಿಗೆ ಹೋಗುವಾಗ ಚಪ್ಪಲಿಯ ಸದ್ದೂ ಆಗದ ನಡಿಗೆ. ಆ ಸಮೀಕ್ಷೆ ಅವರ ಪಿಎಚ್‌ಡಿಗೆ ಬೇಕಾಗಿತ್ತು. ಅದನ್ನು ನಂಬುತ್ತೀಯಾ ಎಂದು ನನ್ನನ್ನು ಕೇಳಿದರು. ನಂಬುತ್ತೇನೆ ಎಂದೆ. ಯಾಕೆ ಎಂದು ಕೇಳಿದಾಗ, ಎಷ್ಟು ಸಲ ಕೇಳಿದರೂ ಅದು ಬೈಯುವುದಿಲ್ಲ ಎಂದೆ. ಮೇಡಂ ಅದನ್ನು ಬರೆದುಕೊಂಡರು. ಅವರ ಮುಖ ಸಣ್ಣದಾದದ್ದನ್ನು ನಾನು ಹೊರಗೆ ಬಂದ ಮೇಲೆ ನೆನೆಸಿಕೊಂಡೆ. ಬೈಯುತ್ತಿದ್ದವರು ಅವರೇ.

ಮೂರನೆಯ ವರ್ಷದ ಆ ತಿಂಗಳಲ್ಲಿ ನಮಗೆ ಗಂಡಸರ ಸರ್ಜಿಕಲ್ ವಾರ್ಡಿನಲ್ಲಿ ಕೆಲಸ ಬಿತ್ತು. ಒಬ್ಬೊಬ್ಬರಿಗೆ ಒಬ್ಬೊಬ್ಬ ರೋಗಿ. ಅವರ ಆರೈಕೆಯ ಯೋಜನೆ ಬರೆಯಬೇಕು, ಮನೆಗೆ ಹೋಗುವಾಗ ಕೈಗೆ ಕೊಡುವ ಸಲಹಾ ಚೀಟಿಯನ್ನೂ ಬರೆಯಬೇಕು. ಚೀಟಿ ಒಂದು ರಾತ್ರಿ ಮೇಡಂ ಮೇಜಿನ ಮೇಲೆ ಇರುತ್ತದೆ. ಅಕ್ಷರ ನಿಂತರೆ ಸಹಿ, ಇಲ್ಲದಿದ್ದರೆ ಮತ್ತೆ ಬರೆಯಬೇಕು. ನನಗೆ ಸಿಕ್ಕವರು ಪೇಂಟರ್ ಮೌನೇಶಪ್ಪ.

ಊರಿನ ಅರ್ಧ ಬೋರ್ಡುಗಳು ಅವರ ಕೈಯವು. ಐವತ್ತೆಂಟು ವರ್ಷ, ತೆಳ್ಳಗಿನ ದೇಹ, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಹಸಿರು ಬಣ್ಣ. ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ, ಬಲಗಾಲಿನ ಹೆಬ್ಬೆರಳ ಬಳಿ ಒಣಗದ ಗಾಯ. ಅವರು ಗಾಯದ ಬಗ್ಗೆ ಮಾತಾಡುವುದಕ್ಕಿಂತ ಬೋರ್ಡುಗಳ ಬಗ್ಗೆಯೇ ಹೆಚ್ಚು ಮಾತಾಡುತ್ತಿದ್ದರು. ನಮ್ಮ ಊರಿನಲ್ಲಿ ಬೋರ್ಡು ಬರೆಯುವುದು ಸುಲಭದ ಕೆಲಸವಲ್ಲ. ಫಿಸಿಯೋಥೆರಪಿ ಎಂದು ಮೂರು ಸಲ ಬರೆದರಂತೆ, ಮೂರು ಸಲವೂ ಬೆಳಿಗ್ಗೆ ತಗಡು ಬರಿದಾಗಿತ್ತಂತೆ. ನಾಲ್ಕನೆಯ ದಿನ ಆ ಡಾಕ್ಟರರ ಎದುರು ಬೆಂಚಿನ ಮೇಲೆ ಅರ್ಧ ದಿನ ಕೂತು ಅವರು ಯಾರಿಗೆ ಏನು ಮಾಡುತ್ತಾರೆಂದು ನೋಡಿ ಬಂದು ಬರೆದರಂತೆ. ಅದಕ್ಕೇ ಅವರಿಗೆ ಊರಿನ ಎಲ್ಲ ಕಸುಬಿನ ಬಗ್ಗೆಯೂ ನಾಲ್ಕು ಮಾತು ಗೊತ್ತಿತ್ತು. ಅವರ ಹೆಂಡತಿ ಕಾಳವ್ವ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಇಡೀ ದಿನ ಇರುತ್ತಿದ್ದರು. ಅವರಿಗೆ ಓದಲು ಬಾರದು. ಗಂಡ ಹೇಳುವ ಕಥೆ ನೂರನೆಯ ಸಲ ಕೇಳಿದರೂ ನಗಬೇಕಾದ ಕಡೆ ನಗುತ್ತಿದ್ದರು.

ಮನೆಗೆ ಕಳಿಸುವ ದಿನ ಹತ್ತಿರ ಬಂದಾಗ ಮೌನೇಶಪ್ಪ ತಮಗೆ ತೀರಾ ಸುಸ್ತು, ಮೀನಖಂಡ ಹಿಡಿದುಕೊಳ್ಳುತ್ತದೆ ಎಂದರು. ನಾನು ಕ್ಯಾಂಟೀನಿನಲ್ಲಿ ಕೂತು ಎಐಗೆ ಎಲ್ಲ ಹೇಳಿದೆ. ಹೆಸರು ಹೇಳಲಿಲ್ಲ, ಹಾಗೆ ಹೇಳಬಾರದೆಂದು ನಮಗೆ ಕಲಿಸಿದ್ದರು. ವಯಸ್ಸು, ಸಕ್ಕರೆ ಕಾಯಿಲೆ, ಗಾಯ, ಸುಸ್ತು, ಕಾಲಿನ ಸೆಳೆತ ಹೇಳಿದೆ. ಗಾಯ ಮಾಯಲು ಬೇಳೆ, ಮೊಟ್ಟೆ ಚೆನ್ನಾಗಿ ತಿನ್ನಬೇಕು; ಸೆಳೆತಕ್ಕೆ ಸೊಪ್ಪು, ಟೊಮೇಟೊ, ದಿನಕ್ಕೊಂದು ಎಳನೀರು; ನೀರು ಧಾರಾಳವಾಗಿ ಕುಡಿಯಬೇಕು ಎಂದಿತು. ಒಂದೊಂದಕ್ಕೂ ಯಾಕೆ ಎಂದು ಕೇಳಿದೆ. ಸ್ನಾಯುವಿಗೂ ಸೊಪ್ಪು, ಎಳನೀರಿನಲ್ಲಿರುವ ಪೊಟ್ಯಾಶಿಯಮ್ಮಿಗೂ ಏನು ಸಂಬಂಧ ಎಂದು ಕೇಳಿ ತಿಳಿದುಕೊಂಡೆ. ಕೊನೆಯಲ್ಲಿ ಅದು ಒಂದು ಪ್ರಶ್ನೆ ಕೇಳಿತ್ತು: ಇವರ ಮೂತ್ರಪಿಂಡದ ಪರೀಕ್ಷೆ ಆಗಿದೆಯೇ, ಅವು ದುರ್ಬಲವಾಗಿದ್ದರೆ ಮೇಲೆ ಹೇಳಿದ್ದರಲ್ಲಿ ಕೆಲವು ಅಪಾಯ ತರಬಹುದು, ಅದನ್ನು ತಿಳಿಸಿ, ವೈದ್ಯರನ್ನೂ ಕೇಳಿ. ನಾನು ಅದನ್ನು ಓದಿದೆ. ಅದು ಯಾವಾಗಲೂ ಕೊನೆಗೆ ಹೀಗೆ ಏನಾದರೂ ಸೇರಿಸುತ್ತದೆ ಅಂದುಕೊಂಡೆ. ಹಾಸ್ಟೆಲಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. ಫೋನು ಮುಚ್ಚಿ ಚೀಟಿ ಬರೆದೆ.

ಮೌನೇಶಪ್ಪನವರ ಫೈಲಿನ ಕೊನೆಯ ಪುಟದಲ್ಲಿ ರಕ್ತಪರೀಕ್ಷೆಯ ವರದಿ ಇತ್ತು. ಕ್ರಿಯಾಟಿನಿನ್ ಮೂರು ಪಾಯಿಂಟ್ ಎಂಟು. ಅಂದರೆ ಮೂತ್ರಪಿಂಡಗಳು ಮುಕ್ಕಾಲು ಪಾಲು ಸೋತಿವೆ ಎಂದರ್ಥ. ಆ ಪುಟವನ್ನು ನಾನು ಓದದೆ ಎರಡು ಸಲ ತಿರುವಿದ್ದೆ.

ಮರುದಿನ ಬೆಳಿಗ್ಗೆ ಚೀಟಿಯ ಒಂದು ಅಕ್ಷರವೂ ಮಸುಕಾಗಿರಲಿಲ್ಲ. ಮೇಡಂ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಚಲೋ ಮಾಡೀ ಎಂದು ಸಹಿ ಹಾಕಿದರು. ಅವರು ನನಗೆ ಚಲೋ ಎಂದದ್ದು ಅದೇ ಮೊದಲು. ನಾನು ಆ ಚೀಟಿಯನ್ನು ಕಾಳವ್ವನ ಕೈಗೆ ಕೊಟ್ಟು, ಇದರಂತೆ ನಡೆಯಿರಿ ಎಂದೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಸೀರೆಯ ಸೆರಗಿನಲ್ಲಿ ಸುತ್ತಿಟ್ಟುಕೊಂಡರು.

ಆರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಮೌನೇಶಪ್ಪನವರನ್ನು ಆಟೋದಲ್ಲಿ ಎತ್ತಿಕೊಂಡು ಬಂದರು. ಕಾಲಲ್ಲಿ ಶಕ್ತಿಯಿರಲಿಲ್ಲ, ನಾಡಿ ನಿಮಿಷಕ್ಕೆ ಮೂವತ್ತಾರು. ಇಸಿಜಿಯ ಗೆರೆ ನೋಡಿದ ಡಾಕ್ಟರು ಫೈಲು ತರಿಸುವ ಮೊದಲೇ ರಕ್ತದಲ್ಲಿ ಪೊಟ್ಯಾಶಿಯಂ ಏರಿದೆ ಎಂದರು; ಸೋತ ಮೂತ್ರಪಿಂಡ ಅದನ್ನು ಹೊರಹಾಕಲಾರದು, ಅದು ಹೃದಯವನ್ನೇ ನಿಲ್ಲಿಸಬಲ್ಲದು. ಚುಚ್ಚುಮದ್ದು ಕೊಟ್ಟರು, ಅವಸರದಲ್ಲಿ ಡಯಾಲಿಸಿಸ್ಸಿಗೆ ಒಯ್ದರು. ಅವರ ಹಿಂದೆ ಓಡಿದ ಕಾಳವ್ವ ಬಾಗಿಲು ಮುಚ್ಚಿದ್ದರಿಂದ ನಿಂತರು. ಅಲ್ಲಿ ನಾನಿದ್ದೆ. ಅವರು ಸೆರಗು ಬಿಚ್ಚಿ ನಾನು ಬರೆದ ಚೀಟಿ ತೆಗೆದು ನನ್ನ ಮುಂದೆ ಹಿಡಿದರು.

"ನೀ ಬರದಿದ್ದು ಒಂದೂ ಬಿಟ್ಟಿಲ್ಲವ್ವ" ಎಂದರು. "ದಿನಾ ಮುಂಜಾನೆ ಅವರ ಓದಿ ಹೇಳ್ತಿದ್ರು, ನಾ ಮಾಡ್ತಿದ್ದೆ. ಒಂದು ಎಳನೀರು ಅಂತ ನೀ ಬರದಿದ್ದಿ, ಲಗೂ ಆರಾಮ ಆಗ್ಲಿ ಅಂತ ನಾ ಎರಡೆರಡು ಕುಡಿಸೇನಿ. ಏನ್ ತಪ್ಪು ಮಾಡೇನಿ, ಹೇಳು."

ಚೀಟಿಯ ಮೇಲೆ ಅರಿಶಿನದ ಬೆರಳ ಗುರುತು ಬಿದ್ದಿತ್ತು. ಅಕ್ಷರಗಳು ಬರೆದ ದಿನದಷ್ಟೇ ಕಪ್ಪಾಗಿದ್ದವು. ತಪ್ಪನ್ನೂ ಪೂರ್ತಿ ತಿಳಿದುಕೊಂಡು ಬರೆಯಬಹುದು, ಹಾಗೆ ಬರೆದದ್ದೂ ನಿಲ್ಲುತ್ತದೆ ಎಂಬುದು ಆ ಬಾಗಿಲ ಮುಂದೆ ನಿಂತಾಗ ನನಗೆ ಮೊದಲ ಸಲ ಹೊಳೆಯಿತು. ಇಷ್ಟು ವರ್ಷ ಊರಿನಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿರಲಿಲ್ಲ.

ಮೌನೇಶಪ್ಪ ಉಳಿದರು. ಎರಡು ದಿನ ಐಸಿಯು, ಎರಡು ಸಲ ಡಯಾಲಿಸಿಸ್. ಮೂರನೆಯ ದಿನ ಎದ್ದು ಕೂತು ಮಜ್ಜಿಗೆ ಕೇಳಿದರಂತೆ. ಆ ಎರಡು ದಿನ ನಾನು ಉಣ್ಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಬೀನಾ ಎದುರು ಕೂತು ಉಣ್ಣಿಸಿದಳು. ನಾನು ಅಂದೇ ಹೇಳಿದ್ದೆ ಎಂದು ಅವಳು ಅನ್ನುತ್ತಾಳೆಂದು ಕಾದಿದ್ದೆ. ಅವಳು ಅನ್ನಲಿಲ್ಲ. ತಾನಾಗಿದ್ದರೆ ಪುಸ್ತಕ ನೋಡಿ ಬರೆಯುತ್ತಿದ್ದೆ, ಸಕ್ಕರೆ ಕಾಯಿಲೆಯ ಅಧ್ಯಾಯ ಬೇರೆ, ಮೂತ್ರಪಿಂಡದ ಅಧ್ಯಾಯ ಬೇರೆ, ತಾನೂ ಆ ಕೊನೆಯ ಪುಟ ನೋಡುತ್ತಿರಲಿಲ್ಲವೇನೋ ಎಂದಳು. "ಪುಸ್ತಕ ತಿರುಗಿ ನನ್ನ ಏನೂ ಕೇಳೂದಿಲ್ಲ, ದಾನೇಶ್ವರಿ. ಅದು ನಿನ್ನ ಕೇಳಿತ್ತು."

ಶನಿವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಪ್ರಿನ್ಸಿಪಾಲರು, ಆಸ್ಪತ್ರೆಯ ಹಿರಿಯ ಡಾಕ್ಟರರು, ಫಿಲೋಮಿನಾ ಮೇಡಂ ಕೂತಿದ್ದರು. ಮೇಜಿನ ಮೇಲೆ ಆದೇಶದ ಕರಡು ಸಿದ್ಧವಾಗಿತ್ತು: ಇಂದಿನಿಂದ ಕಾಲೇಜು, ಹಾಸ್ಟೆಲು, ವಾರ್ಡುಗಳಲ್ಲಿ ಎಐ ಬಳಸಿದವರನ್ನು ಹೊರಗೆ ಹಾಕಲಾಗುವುದು. ಅದು ಕೊಟ್ಟ ತಪ್ಪು ಸಲಹೆಯಿಂದ ಹೀಗಾಯಿತು ಎಂದು ನಾನು ಬರೆದುಕೊಟ್ಟರೆ ನನಗೆ ಎಚ್ಚರಿಕೆಯ ಪತ್ರದಲ್ಲೇ ಮುಗಿಸುತ್ತೇವೆ ಎಂದು ಪ್ರಿನ್ಸಿಪಾಲರು ಹೇಳಿದರು. ಅವರು ಕೆಟ್ಟವರಲ್ಲ, ನನ್ನನ್ನು ಉಳಿಸಲೆಂದೇ ಹಾಗೆ ಹೇಳಿದರು. ನನ್ನ ಮುಂದೆ ಹಾಳೆ, ಪೆನ್ನು ಇಟ್ಟರು.

ನಾನು ಪೆನ್ನು ಹಿಡಿದೆ. ಮನಸ್ಸೊಪ್ಪದೆ ಬರೆದರೆ ಆ ಅಕ್ಷರ ಸೋಮವಾರದವರೆಗೆ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅದಕ್ಕಾಗಿ ಬರೆಯದೆ ಬಿಟ್ಟೆ ಅನ್ನಲಾರೆ. ಕಾಳವ್ವ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಕೊಡದವಳು ನಾನು. ಅದನ್ನು ಬೇರೆಯವರ ಮೇಲೆ ಹಾಕಿ ಮನೆಗೆ ಹೋಗುವುದು ಆಗಲಿಲ್ಲ. ಫೋನು ತೆಗೆದು ಆ ದಿನದ ಮಾತುಕತೆಯನ್ನು ಹುಡುಕಿ ಮೇಜಿನ ಮೇಲಿಟ್ಟೆ. ಪ್ರಿನ್ಸಿಪಾಲರು ಕೊನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಇದು ಕೇಳಿತ್ರಿ" ಎಂದೆ. "ನಾ ಉತ್ತರ ಕೊಡಲಿಲ್ಲ. ಫೈಲ್ ನನ್ನ ಕೈಯಾಗಿತ್ತು, ರೋಗಿ ನನ್ನ ಮುಂದಿದ್ರು. ಅದಕ್ಕ ಎರಡೂ ಇರಲಿಲ್ಲ."

ಆಮೇಲೆ ಫಿಲೋಮಿನಾ ಮೇಡಂ ಎದ್ದು ನಿಂತರು. ಅವರು ಎದ್ದು ನಿಲ್ಲಬೇಕಾಗಿರಲಿಲ್ಲ. ಚೀಟಿಯ ಕೆಳಗಿನ ಸಹಿ ತಮ್ಮದು, ಹುಡುಗಿಗೆ ಏನು ಶಿಕ್ಷೆಯೋ ತಮಗೂ ಅದೇ ಆಗಬೇಕು ಎಂದರು. ನಂತರ ಮೇಜಿನ ಕಡೆ ನೋಡುತ್ತ ಹೇಳಿದರು: "ಇಪ್ಪತ್ತೊಂದು ವರ್ಷದಿಂದ ಸಹಿ ಮಾಡೇನ್ರಿ. ಅಕ್ಷರ ನಿಂತಾವೋ ಇಲ್ಲೋ ಅಂತ ನೋಡೇನಿ. ಅಕ್ಷರ ಏನ್ ಹೇಳತಾವು ಅಂತ ಎಷ್ಟು ಸಲ ನೋಡೇನಿ, ನಂಗ ಹೇಳಾಕ ಬರೂದಿಲ್ಲ."

ಹಿರಿಯ ಡಾಕ್ಟರರು ಕರಡನ್ನು ತಮ್ಮ ಕಡೆ ಎಳೆದುಕೊಂಡು ಮಡಚಿ ಜೇಬಿಗಿಟ್ಟುಕೊಂಡರು. ಆದೇಶ ಆಮೇಲೆ ಹೊರಡಲಿಲ್ಲ. ನನಗೆ ರಜೆಯಲ್ಲಿ ನಲವತ್ತು ದಿನ ಅದೇ ವಾರ್ಡಿನಲ್ಲಿ ಮತ್ತೆ ಕೆಲಸ ಹಾಕಿದರು. ಮೇಡಂ ಚೀಟಿಗೆ ಸಹಿ ಮಾಡುವ ಪದ್ಧತಿ ಸೋಮವಾರದಿಂದಲೇ ಬದಲಾಯಿತು. ಅವರು ಹಾಳೆಯನ್ನು ಬದಿಗಿಟ್ಟು, ಫೈಲನ್ನು ನಮ್ಮ ಕೈಗೆ ಕೊಟ್ಟು, ರೋಗಿಯ ಮಂಚದ ಪಕ್ಕ ನಿಲ್ಲಿಸಿ, ಇವರಿಗೆ ಇದು ಯಾಕೆ ಎಂದು ಸಾಲು ಸಾಲಿಗೂ ಕೇಳತೊಡಗಿದರು. ಎಐಯನ್ನು ಏನು ಕೇಳಿದಿ, ಅದು ನಿನ್ನನ್ನು ಏನು ಕೇಳಿತು, ಎರಡನ್ನೂ ಹೇಳಬೇಕಾಗಿತ್ತು. ಮೊದಲ ವಾರ ಮೂವತ್ತೆಂಟರಲ್ಲಿ ನಾಲ್ಕು ಚೀಟಿಗಳಿಗೆ ಸಹಿ ಬಿತ್ತು. ಮುಬೀನಾಳ ಚೀಟಿಯೂ ವಾಪಸು ಬಂತು. ಅವಳು ಆ ಸಂಜೆ ನನ್ನ ಪಕ್ಕ ಕೂತು, ಆ ನಿನ್ನ ಎಐ ತನ್ನ ರೋಗಿಯ ಬಗ್ಗೆ ಏನೇನು ಕೇಳುತ್ತದೆ ನೋಡೋಣ, ಉತ್ತರ ಬೇಡ, ಪ್ರಶ್ನೆ ಮಾತ್ರ ಸಾಕು ಎಂದಳು.

ಮೌನೇಶಪ್ಪ ಮನೆಗೆ ಹೋದ ಮೇಲೆ ನಾನು ಅವರ ಮನೆ ಹುಡುಕಿಕೊಂಡು ಹೋದೆ. ಒಬ್ಬಳೇ ಹೋಗಲು ಧೈರ್ಯವಾಗದೆ ಮುಬೀನಾಳನ್ನು ಕರೆದುಕೊಂಡಿದ್ದೆ. ಮುಂದಿನ ಗೋಡೆಯ ತುಂಬ ಕುಂಚ ಪರೀಕ್ಷೆ ಮಾಡಿದ ಬಿಡಿ ಅಕ್ಷರಗಳು, ಒಳಗಿನಿಂದ ಟರ್ಪಂಟೈನ್ ವಾಸನೆ. ಕಾಳವ್ವ ಬಾಗಿಲಲ್ಲೇ ನಿಂತರು. ನಾನು ತಪ್ಪಾಯಿತು ಎಂದೆ. ಅವರು ಕೇಳಿದ ಪ್ರಶ್ನೆಗೆ ಉತ್ತರ ಹೇಳಿದೆ: ನೀವು ಏನೂ ತಪ್ಪು ಮಾಡಿಲ್ಲ, ನಾನು ಒಂದು ಪುಟ ನೋಡಲಿಲ್ಲ. ಅವರು ನನ್ನ ಮುಖ ನೋಡಲಿಲ್ಲ. ಮುಬೀನಾಳ ಕಡೆ ತಿರುಗಿ, "ಅಕ್ಷರ ನಿಂತಾವಂತ ನಂಬಿದ್ನಲ್ಲವ್ವ ನಾ" ಎಂದರು. ಒಳಗಿನಿಂದ ಮೌನೇಶಪ್ಪ ಯಾರೆಂದು ಕೇಳಿದರು. ಗೊತ್ತಾದ ಮೇಲೆ, ಒಳಗ ಕಳಿಸು ಎಂದರು.

ಅವರು ಗೋಡೆಗೊರಗಿ ಕೂತಿದ್ದರು. ಇನ್ನಷ್ಟು ತೆಳ್ಳಗಾಗಿದ್ದರು. ನನಗೆ ಬೈಯಲಿಲ್ಲ. ತಾನೂ ಒಮ್ಮೆ ಔಷಧದಂಗಡಿಯ ಬೋರ್ಡನ್ನು ಪಕ್ಕದ ಕೀಟನಾಶಕದ ಅಂಗಡಿಗೆ ಬರೆದುಬಿಟ್ಟಿದ್ದೆ, ಅಕ್ಷರ ಗಟ್ಟಿಯಾಗಿ ನಿಂತವು, ಅರ್ಥ ತಿಳಿದೇ ಬರೆದಿದ್ದೆ, ಅಂಗಡಿ ಮಾತ್ರ ಬೇರೆಯಾಗಿತ್ತು ಎಂದರು. ಆಮೇಲೆ, ನಿನ್ನ ಫೋನು ಏನು ಕೇಳುತ್ತದೆ, ನನ್ನ ಮುಂದೆ ಕೇಳಿಸು, ಅದರ ಕಸುಬು ನೋಡಬೇಕು ಎಂದರು.

ಈ ಸಲ ನಾನು ಫೈಲಿನ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಎಲ್ಲ ಸಂಖ್ಯೆಗಳನ್ನೂ ಹೇಳಿದೆ. ಸಲಹೆ ಬೇಡ, ಮೊದಲು ನಿನಗೆ ಏನು ಗೊತ್ತಾಗಬೇಕು ಅದನ್ನು ಕೇಳು ಎಂದೆ. ಅದು ಕೇಳುತ್ತಾ ಹೋಯಿತು, ನಾನು ಒಂದೊಂದನ್ನೇ ನಮ್ಮ ಮಾತಿನಲ್ಲಿ ಗಟ್ಟಿಯಾಗಿ ಕೇಳಿದೆ. ದಿನಕ್ಕೆ ಎಷ್ಟು ಸಲ ಮೂತ್ರವಾಗುತ್ತದೆ? ಕಾಲು ಬಾಯುತ್ತದೆಯೇ? ಉಪ್ಪಿನಕಾಯಿ, ಹಪ್ಪಳ ಎಷ್ಟು? ಸೊಪ್ಪನ್ನು ಹೇಗೆ ಬೇಯಿಸುತ್ತೀರಿ? ಮೌನೇಶಪ್ಪ ಅರ್ಧಕ್ಕೆ ಉತ್ತರಿಸಿದರು, ಉಳಿದರ್ಧಕ್ಕೆ ಒಲೆಯ ಮುಂದಿನಿಂದ ಕಾಳವ್ವ ಗೋಡೆಯನ್ನು ನೋಡುತ್ತ ಉತ್ತರಿಸಿದರು. ನೋವಿನ ಗುಳಿಗೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂಬುದು ಹನ್ನೊಂದನೆಯ ಪ್ರಶ್ನೆಯಾಗಿತ್ತು. ಮೌನೇಶಪ್ಪ ಇಲ್ಲ ಎಂದರು. ಅಲ್ಲಿಯವರೆಗೆ ಪ್ರತಿ ಉತ್ತರಕ್ಕೂ ಒಂದು ಕಥೆ ಸೇರಿಸುತ್ತಿದ್ದವರು ಇದಕ್ಕೆ ಏನೂ ಸೇರಿಸಲಿಲ್ಲ. ನಾನು ಮುಂದಿನ ಪ್ರಶ್ನೆಗೆ ಹೋಗುವವಳಿದ್ದೆ. ಆದರೆ ಅವರ ಎಡಗೈ ಬಲ ಭುಜವನ್ನು ಒತ್ತಿಕೊಂಡಿತ್ತು, ವಾರ್ಡಿನಲ್ಲೂ ಹಾಗೇ ಒತ್ತಿಕೊಳ್ಳುತ್ತಿದ್ದರು. ಫೋನು ಅದನ್ನು ನೋಡಲಾರದು. ನಾನು ಅದನ್ನು ಕೆಳಗಿಟ್ಟು, ಭುಜ ನೋಯುತ್ತದೇನು ಕಾಕಾ ಎಂದು ಕೇಳಿದೆ.

ಕಾಳವ್ವ ಎದ್ದು ಬಂದು, ಮಂಚದ ಕೆಳಗಿನಿಂದ ಬಣ್ಣದ ಒಂದು ಸಣ್ಣ ಡಬ್ಬಿ ಎಳೆದು ಚಾಪೆಯ ಮೇಲೆ ಸುರಿದರು. ಗುಳಿಗೆಯ ಖಾಲಿ ಪಟ್ಟಿಗಳು, ತುಂಬಿದ ಪಟ್ಟಿಗಳು. ಎತ್ತಿದ ಕೈ ಇಳಿಸದೆ ಬೋರ್ಡು ಬರೆದೂ ಬರೆದೂ ಹನ್ನೊಂದು ವರ್ಷದಿಂದ ಭುಜನೋವು, ದಿನಕ್ಕೆ ಎರಡು, ಕೆಲಸ ಹೆಚ್ಚಿದ್ದರೆ ಮೂರು. ಡಾಕ್ಟರು ಬೇರೆ ಔಷಧ ಏನಾದರೂ ಇದೆಯೇ ಎಂದು ಕೇಳಿದ್ದರಂತೆ. ಇದು ಔಷಧದ ಲೆಕ್ಕಕ್ಕೆ ಬರುತ್ತದೆ ಎಂದು ಮೌನೇಶಪ್ಪನವರಿಗೆ ಅನ್ನಿಸಿರಲಿಲ್ಲ. ಅನ್ನಿಸಿದ್ದರೂ, ಇವನ್ನು ಬಿಡಿಸಿದರೆ ಕುಂಚ ಹಿಡಿಯುವುದು ಹೇಗೆ ಎಂಬ ಹೆದರಿಕೆ ಇತ್ತು. ನಾನು ಪಟ್ಟಿಯ ಹೆಸರು ಓದಿದೆ. ಮೂತ್ರಪಿಂಡವನ್ನು ಹಾಳುಮಾಡುವ ಗುಳಿಗೆ ಎಂದು ಎರಡನೆಯ ವರ್ಷದಲ್ಲೇ ಓದಿದ್ದೆವು, ಮುಬೀನಾ ತನ್ನ ಪುಸ್ತಕದ ಪುಟಸಂಖ್ಯೆಯನ್ನೂ ಹೇಳಿದಳು.

ಅಂದೇ ಮಧ್ಯಾಹ್ನ ಆ ಪಟ್ಟಿಗಳನ್ನು ಹಿರಿಯ ಡಾಕ್ಟರರ ಮೇಜಿನ ಮೇಲೆ ಇಟ್ಟೆವು. ಅವರು ಅವನ್ನು ಒಂದೊಂದಾಗಿ ತಿರುಗಿಸಿ ನೋಡಿ, ತಮ್ಮ ಕೇಸು ಹಾಳೆಯಲ್ಲಿ ತಾವೇ ಬರೆದಿದ್ದ 'ಬೇರೆ ಔಷಧ ಇಲ್ಲ' ಎಂಬ ಸಾಲನ್ನು ಹೊಡೆದುಹಾಕಿದರು. ಗುಳಿಗೆ ನಿಲ್ಲಿಸಿದರು. ಭುಜಕ್ಕೆ ಬಿಸಿ ಶಾಖ, ವ್ಯಾಯಾಮ ಹೇಳಿ, ಬೋರ್ಡು ಬರೆಸಿಕೊಂಡಿದ್ದ ಆ ಫಿಸಿಯೋಥೆರಪಿ ಡಾಕ್ಟರರ ಬಳಿಗೇ ಕಳಿಸಿದರು. ಹೊಸ ಚೀಟಿಯನ್ನು ನಾನು ಕಾಳವ್ವನ ಅಡುಗೆಮನೆಯಲ್ಲೇ ಕೂತು ಬರೆದೆ. ಸೊಪ್ಪೇ ಬೇಡ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯಹೊರಟಾಗ ಅವರು ತಡೆದರು. ಗಂಡ ರೊಟ್ಟಿಗೆ ಪಲ್ಯವಿಲ್ಲದೆ ತುತ್ತು ಎತ್ತುವವರಲ್ಲ, ಬೇಡವೆಂದರೆ ಕದ್ದು ತಿನ್ನುತ್ತಾರೆ ಎಂದು ಮುಬೀನಾಳಿಗೆ ಹೇಳಿದರು. ಹೆಚ್ಚಿ, ತುಂಬ ನೀರಲ್ಲಿ ಕುದಿಸಿ, ನೀರು ಬಸಿದು ಚೆಲ್ಲಿ ಮಾಡಿದರೆ ಸ್ವಲ್ಪ ತಿನ್ನಬಹುದೇ ಎಂದು ಎಐಯನ್ನೂ ಡಾಕ್ಟರರನ್ನೂ ಕೇಳಿದೆ. ಡಾಕ್ಟರರು ಒಪ್ಪಿದರು, ಬೇಳೆಯ ಸಾಲೊಂದನ್ನು ತಿದ್ದಿದರು. ಮೇಡಂ ಆ ಮನೆಗೇ ಬಂದು, ಚೀಟಿಯನ್ನು ನೋಡದೆ ಕಾಳವ್ವನ ಬಾಯಿಂದ ಎಲ್ಲವನ್ನೂ ಕೇಳಿ, ಆಮೇಲೆ ಸಹಿ ಮಾಡಿದರು. ಅಷ್ಟೆಲ್ಲ ಆದರೂ ಕಾಳವ್ವ ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ. ಹೇಳುವುದಿದ್ದರೆ ಮುಬೀನಾಳಿಗೆ ಹೇಳುತ್ತಿದ್ದರು, ಇಲ್ಲವೆ ಗಂಡನಿಗೆ.

ನಾನು ಆ ನಲವತ್ತು ದಿನಗಳಲ್ಲಿ ವಾರ್ಡಿನ ಕೆಲಸ ಮುಗಿಸಿ ಎರಡು ದಿನಕ್ಕೊಮ್ಮೆ ಅವರ ಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿ ಬರುತ್ತಿದ್ದೆ. ಗಾಯ ಅಂಚಿನಿಂದ ಒಳಗೆ ಗುಲಾಬಿಯಾಗುತ್ತ ಬಂತು. ತಿಂಗಳ ಕೊನೆಗೆ ಕ್ರಿಯಾಟಿನಿನ್ ಮೂರು ಪಾಯಿಂಟ್ ಒಂದಕ್ಕೆ ಇಳಿಯಿತು, ಎರಡನೆಯ ತಿಂಗಳು ಎರಡು ಪಾಯಿಂಟ್ ಆರಕ್ಕೆ. ಪೂರ್ತಿ ಸರಿಯಾಗುವುದಿಲ್ಲ, ಆದರೆ ಡಯಾಲಿಸಿಸ್ಸಿನ ಮಾತು ಸದ್ಯಕ್ಕೆ ಇಲ್ಲ ಎಂದು ಡಾಕ್ಟರರು ಹೇಳಿದರು. ಮೌನೇಶಪ್ಪ ಆ ವರದಿಯನ್ನು ಕೈಯಲ್ಲಿ ಹಿಡಿದು, ಅಂಕಿಗಳ ಅಚ್ಚು ಚೆನ್ನಾಗಿಲ್ಲ, ಆರು ತುಸು ವಾಲಿದೆ ಎಂದರು.

ಅದಾದ ಮೇಲಿನ ಭಾನುವಾರ ಬೆಳಿಗ್ಗೆ ನಾನು ಹೋದಾಗ ಅವರ ಮನೆಯ ಕಟ್ಟೆಯ ಮೇಲೆ ಏಳೆಂಟು ಹೆಂಗಸರು ಕೂತಿದ್ದರು. ಒಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಬ್ಬರ ಮಡಿಲಲ್ಲಿ ಸ್ಟೀಲಿನ ಡಬ್ಬಿ, ಒಬ್ಬ ಅಜ್ಜಿ ರುಮಾಲಿನಲ್ಲಿ ಗಂಟು ಕಟ್ಟಿಕೊಂಡು ಬಂದಿದ್ದರು. ಎಲ್ಲದರಲ್ಲೂ ಗುಳಿಗೆಗಳು. ಯಾವುದು ಯಾರು ಕೊಟ್ಟದ್ದು, ಯಾಕೆ ಕೊಟ್ಟದ್ದು ಎಂದು ಅವರಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಕಾಳವ್ವ ಒಳಗಿನಿಂದ ಒಂದು ಮಣೆ ತಂದು ಕಟ್ಟೆಯ ನಡುವೆ ಹಾಕಿದರು. ಮುಬೀನಾ ಅಂದು ಬಂದಿರಲಿಲ್ಲ. ಅವರು ಸೆರಗು ಸರಿಮಾಡಿಕೊಂಡು, ಆಸ್ಪತ್ರೆಯ ಆ ಬಾಗಿಲ ಮುಂದೆ ನೋಡಿದ ಮೇಲೆ ಮೊದಲ ಸಲ, ನನ್ನ ಮುಖ ನೋಡಿದರು.

"ಕುಂದ್ರವ್ವ ದಾನೇಶ್ವರಿ" ಎಂದರು. "ನಮ್ಮ ಓಣಿಯವರು. ಮೊದಲ ಇವರನ್ನ ಕೇಳು, ಆಮ್ಯಾಲ ಆ ಫೋನ್ ಕೇಳು, ಆಮ್ಯಾಲ ಡಾಕ್ಟರಿಗೆ ಕೇಳಿಕೊಂಡು ಬಾ. ಲಗೂ ಮಾಡಬ್ಯಾಡ. ಊಟ ಇಲ್ಲೇ ಮಾಡಿ ಹೋಗುವಂತಿ."

ನಾನು ಮಣೆಯ ಮೇಲೆ ಕೂತು, ನೋಟ್‌ಬುಕ್ಕು ತೆರೆದು, ಗಂಟು ಬಿಚ್ಚುತ್ತಿದ್ದ ಅಜ್ಜಿಯ ಹೆಸರು ಕೇಳಿದೆ.